ಉದುರದ ಹೊಂಗೆ ಎಲೆಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ರಾಯದುರ್ಗದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ಮರವು ಎಲೆ ಉದುರಿಸುವ ಮುನ್ನ ಅದರಲ್ಲಿರುವ ಸಾರಜನಕ, ರಂಜಕಗಳ ಒಂದು ಪಾಲನ್ನು ಕೊಂಬೆಗೆ ಹಿಂದಕ್ಕೆಳೆದುಕೊಂಡು ಮುಂದಿನ ಚಿಗುರಿಗೆ ಬಳಸುತ್ತದೆ. ಉಳಿದದ್ದು ಎಲೆಯೊಂದಿಗೆ ಮಣ್ಣಿನಲ್ಲಿ ಕೊಳೆತು ಬೇರಿನ ಮೂಲಕ ಮರಳಿ ಬರುತ್ತದೆ. ನಮ್ಮ ಕಡೆಯ ಹೊಂಗೆ ಎಷ್ಟು ಎಳೆದುಕೊಳ್ಳುತ್ತದೆ ಎಂದು ನಾನು ಅಳೆಯಬೇಕಿತ್ತು. ಓಬಳಾಪುರದ ಕಡೆಯ ಬರಡು ನೆಲದಲ್ಲಿ ಹೊಂಗೆ ಸಸಿ ನೆಡಲಿದ್ದವರು, ಉದುರಿದ ಎಲೆಯಿಂದ ನೆಲಕ್ಕೆಷ್ಟು ಸಾರ ಸೇರುತ್ತದೆಂದು ತಿಳಿಯಲು, ನನ್ನ ವರದಿಗೆ ಕಾಯುತ್ತಿದ್ದರು.

ಗುಮ್ಮಘಟ್ಟದ ಹತ್ತಿರ ಹನ್ನೆರಡು ಮರಗಳ ಕೆಳಗೆ ಬಲೆ ಕಟ್ಟಿದೆವು. ಹಸಿರೆಲೆಯನ್ನು ನಾನೇ ಕಿತ್ತು ತಂದೆ. ಬಲೆಗೆ ಬಿದ್ದ ಎಲೆಗಳನ್ನು ವಾರಕ್ಕೊಮ್ಮೆ ತರುವ ಹೊಣೆ ಲ್ಯಾಬ್ ಅಟೆಂಡರ್ ರುದ್ರಪ್ಪನವರದು. ಹದಿನೆಂಟು ವರ್ಷ ನನ್ನ ಜೊತೆ ದುಡಿದವರು. ಅವರ ಕೆಲಸವನ್ನು ನಾನೆಂದೂ ಪರೀಕ್ಷಿಸಿ ನೋಡಿದವಳಲ್ಲ.

ಫಲಿತಾಂಶ ಬಂದಾಗ ಬೆರಗಾದೆ. ಉದುರಿದ ಎಲೆಯಲ್ಲೂ ಎರಡೂ ಪೋಷಕಾಂಶಗಳು ಹೆಚ್ಚುಕಡಿಮೆ ಹಸಿರೆಲೆಯಷ್ಟೇ ಇದ್ದವು. ಹೊಂಗೆಯ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಒದಗಿಸುತ್ತದೆ, ಆದ್ದರಿಂದ ಈ ಮರಕ್ಕೆ ಉಳಿತಾಯ ಬೇಕಿಲ್ಲ ಎಂದು ನಾನೇ ಕಾರಣ ಹೊಸೆದು ವರದಿ ಕಳಿಸಿದೆ. ಸಿಬ್ಬಂದಿಗೆಲ್ಲ ಚಹಾ ಕೊಡಿಸಿದೆ.

ವರದಿ ಪರಿಶೀಲಿಸಿದ ವಿಜ್ಞಾನಿಯೊಬ್ಬರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ರಂಜಕವೂ ಹಾಗೇ ಉಳಿದಿದೆಯಲ್ಲ ಮೇಡಂ, ಅದನ್ನು ಯಾವ ಬ್ಯಾಕ್ಟೀರಿಯಾ ಗಾಳಿಯಿಂದ ತಂದುಕೊಡುತ್ತದೆ?"

ರುದ್ರಪ್ಪನವರು ತಂದ ಎಲೆಗಳಲ್ಲಿ ಕಪಾಟಿನಲ್ಲಿ ಉಳಿದಿದ್ದ ಒಂದು ಪೊಟ್ಟಣ ಬಿಚ್ಚಿ ಭೂತಗನ್ನಡಿ ಹಿಡಿದೆ. ತಾನಾಗಿ ಕಳಚಿದ ಎಲೆಯ ತೊಟ್ಟಿನ ತುದಿ ನುಣುಪಾಗಿರುತ್ತದೆ. ಇವುಗಳ ತೊಟ್ಟಿನ ಜೊತೆ ಕೊಂಬೆಯ ಸಿಪ್ಪೆಯೂ ಕಿತ್ತುಬಂದಿತ್ತು. ರುದ್ರಪ್ಪನವರನ್ನು ಕರೆದು ಸುಮ್ಮನೆ ತೋರಿಸಿದೆ.

"ಎರಡ್ನೇ ತಿಂಗಳಿಂದ ಅಲ್ಲಿಗೆ ಹೋಗಿಲ್ರಿ ಮೇಡಂ," ಎಂದರು. "ಮನಿ ಹಿಂದಿನ ಹೊಂಗಿ ಗಿಡದಾಗ ಕಿತ್ತು ಒಣಗಿಸ್ತಿದ್ದೆ. ಒಣಗಿದ್ ಮ್ಯಾಲ ಎಲ್ಲಾ ಎಲಿನೂ ಒಂದೇ ಅಂದ್ಕೊಂಡಿದ್ದೆ."

"ವರದಿ ಕಳಿಸೋ ಮೊದ್ಲಾದ್ರೂ ಯಾಕ ಹೇಳ್ಲಿಲ್ಲ?"

"ನೀವು ಭಾಳ ಖುಷಿಯಾಗಿದ್ರಿ."

ನಾನು ಸುಳ್ಳಿನ ಮೇಲೆ ಸಿದ್ಧಾಂತ ಕಟ್ಟುವುದನ್ನು ಅವರು ಪಕ್ಕದಲ್ಲೇ ನಿಂತು ನೋಡಿದ್ದರು ಎಂಬುದೇ ಹೆಚ್ಚು ನೋಯಿಸಿತು.

ವರದಿ ಹಿಂಪಡೆದೆ. ಪತ್ರದಲ್ಲಿ ಅವರ ಹೆಸರು ಬರೆಯಲಿಲ್ಲ, ವರದಿಗೆ ಹಾಕಿದ ಸಹಿ ನನ್ನದಾಗಿತ್ತು. ಸಸಿ ನೆಡುವವರು ಒಂದು ಮಳೆಗಾಲ ಕಳೆದುಕೊಂಡರು. ಮರುವರ್ಷ ವಾರವಾರವೂ ಶೇರ್ ಆಟೋದಲ್ಲಿ ನಾನೇ ಹೋಗಿ ಬಲೆಯ ಎಲೆ ಆಯ್ದು ತಂದೆ. ಉದುರಿದ ಎಲೆಯಲ್ಲಿ ಸಾರಜನಕವೂ ರಂಜಕವೂ ಸ್ಪಷ್ಟವಾಗಿ ಕಡಿಮೆ ಇದ್ದವು. ಮರ ತನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿತ್ತು.

ಬೀಳ್ಕೊಡುಗೆಯ ದಿನ ರುದ್ರಪ್ಪನವರು ಹಾರ ಹಾಕಿದರು. ಕೈಮುಗಿದೆ. ನನಗೆ ಅತಿ ಸಂತೋಷ ಕೊಟ್ಟ ಫಲಿತಾಂಶವನ್ನೇ ಮೊದಲು ಅನುಮಾನಿಸಬೇಕು ಎಂಬುದು ಈ ವೃತ್ತಿ ಕಲಿಸಿದ ಪಾಠ. ಮನುಷ್ಯರ ವಿಷಯದಲ್ಲಿ ಇದನ್ನು ಪಾಲಿಸುವುದು ನನಗಿನ್ನೂ ಸಾಧ್ಯವಾಗಿಲ್ಲ.