ಅಟ್ಟದಿಂದ ಉದುರಿದ ಮಾತ್ರೆಗಳು

ಪಕ್ಕದ ಮನೆಯವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವನಿಗೆ ಐವತ್ತು ದಾಟಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುತ್ತ, ಜೇಬಿನಿಂದ ಎರಡು ನೆಲ್ಲಿಕಾಯಿ ತೆಗೆದು ಒಂದನ್ನು ನನಗೆ ಕೊಡುತ್ತಿದ್ದ.

"ಬಿಪಿ ಮಾತ್ರೆ ತಗೊಂಡ್ಯೇನಯ್ಯ?" ಎಂದು ಕೇಳುತ್ತಿದ್ದೆ.

"ಇದ್ರಲ್ಲಿ ಆಂಟಿಆಕ್ಸಿಡೆಂಟ್ ಐತೆ ಕಣ್ರೀ. ಎಲ್ಲಾ ಇದೇ ನೋಡ್ಕಳ್ತೈತೆ ಬುಡಿ ಮೇಷ್ಟ್ರೇ."

ನೆಲ್ಲಿಕಾಯಿ ಒಳ್ಳೆಯದೇ. ನಾನೂ ತಿನ್ನುತ್ತೇನೆ, ನನ್ನ ಮಾತ್ರೆಯ ಜೊತೆಗೆ.

ಹೋದ ವರ್ಷ ಲಕ್ವ ಹೊಡೆದು ಅವನ ಬಲಗಡೆ ಬಿದ್ದುಹೋಯಿತು. ಆ ವಾರವೇ, ನಾನು ಅವನನ್ನು ನೋಡಲು ಹೋಗಿದ್ದಾಗ, ಕೊಬ್ಬರಿಯಾಗಲೆಂದು ಹತ್ತು ತಿಂಗಳಿಂದ ಅಟ್ಟದಲ್ಲಿಟ್ಟಿದ್ದ ತೆಂಗಿನಕಾಯಿಗಳನ್ನು ಮನೆಯವರು ಇಳಿಸಿದರು. ಅವುಗಳ ಜೊತೆ ಬಿಚ್ಚದ ಮಾತ್ರೆ ಶೀಟುಗಳೂ ಉದುರಿದವು.

"ದಿನಾ ತಗೊಂಡೆ ಅಂತಿದ್ರಲ್ರೀ," ಎಂದು ಅವನ ಹೆಂಡತಿ ಆ ಶೀಟುಗಳನ್ನು ಅವನು ಮಲಗಿದ್ದ ಮಂಚದ ಮೇಲೆ ಎಸೆದಳು.

ಅವನು ಎಡಗೈಯಲ್ಲಿ ದಿಂಬಿನಡಿ ತಡಕಿ ನನ್ನತ್ತ ಒಂದು ನೆಲ್ಲಿಕಾಯಿ ಚಾಚಿದ. ನಾನು ಕೈ ಒಡ್ಡಲಿಲ್ಲ.