ಕಾಲೊನಿ ನೋಡಲು ಹೋದ ಸಾವಂತ್ರೆವ್ವ

ತಿರ್ಲಾಪುರದ ಬೀರಲಿಂಗಪ್ಪನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಕುರಿಗಳ ಹಿಂದೆ ಹೊರಟವನು, ಮಳೆಗಾಲಕ್ಕೊಂದು ಸೀಮೆ, ಬೇಸಿಗೆಗೊಂದು ಸೀಮೆ ಎಂದು ನಲವತ್ತು ವರ್ಷ ತಿರುಗಿದ. ಮೊಣಕಾಲು ಕೈಕೊಟ್ಟ ಮೇಲೆ ಹಿಂಡು ಮಾರಿ ಕುರಿ ವ್ಯಾಪಾರಕ್ಕಿಳಿದ. ಆಗಲೂ ಇವತ್ತು ನವಲಗುಂದದ ಸಂತೆ, ನಾಳೆ ಅಣ್ಣಿಗೇರಿಯದು. ಈಗ ಎಪ್ಪತ್ತೊಂದು. ಕಟ್ಟೆಯ ಮೇಲೆ ಕೂತರೆ ಒಂದು ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಡುತ್ತಾನೆ.

ಅವನ ಹೆಂಡತಿ ಸಾವಂತ್ರೆವ್ವ ಹಾಗಲ್ಲ. ಹದಿನೇಳಕ್ಕೆ ಆ ಮನೆಗೆ ಬಂದವಳು ಒಲೆಯ ಮುಂದೆ ಕೂತಳು, ಅಲ್ಲೇ ಉಳಿದಳು. ಅತ್ತೆ, ಮಾವ, ಮೂವರು ಮೈದುನರು, ಅವರ ಮಕ್ಕಳು, ಹತ್ತಿ ಬಿಡಿಸುವ ಕಾಲಕ್ಕೆ ಆಳುಗಳು. ಮೈದುನರು ಬೇರೆಯಾದರು, ಹಿರಿಯರು ಹೋದರು. ಒಲೆ ಹೋಗಿ ಗ್ಯಾಸು ಬಂತು. ರೊಟ್ಟಿ ಬಡಿಯುವುದು ಮಾತ್ರ ಅವಳಿಗೇ ಉಳಿಯಿತು. ಮಗ ಭೀಮಶಿಗೆ ಗೊಬ್ಬರದಂಗಡಿ. ಸೊಸೆ ಸುಧಾರಾಣಿ ಟೀಚರು, ಎಂಟಕ್ಕೆಲ್ಲ ನವಲಗುಂದದ ಬಸ್ಸು ಹತ್ತಬೇಕು. ಎರಡು ವರ್ಷದಿಂದ ಸಾವಂತ್ರೆವ್ವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎಡಗೈಯಿಂದ ಬಲಮೊಣಕೈಯನ್ನು ಎತ್ತಿ ಹಿಡಿದು ತಲೆ ಬಾಚಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವಳು ಗಂಡನಿಗೆ ಹೇಳಿದಳು: "ನಾಳಿ ಬಮ್ಮಿಗಟ್ಟಿ ಕಡಿ ಹೋಗೂಣು. ಕೆಂಚವ್ವ ಇರೋ ಜಾಗಾ ನೋಡಿ ಬರೂಣು."

ಕೆಂಚವ್ವ ಅವಳ ತವರೂರಿನ ಗೆಳತಿ, ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ವಯಸ್ಸಾದವರಿಗೆಂದೇ ಅಲ್ಲಿ ಕಟ್ಟಿದ ಕಾಲೊನಿಯೊಂದನ್ನು ವರ್ಷದ ಹಿಂದೆ ಸೇರಿದ್ದಳು. ಹೋಗುವುದೆಂದರೆ ಬೀರಲಿಂಗಪ್ಪ ಯಾವತ್ತು ಬೇಡವೆಂದಾನು? ಮರುದಿನ ತಲೆಗೆ ಪಟಕಾ ಸುತ್ತಿಕೊಂಡು ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಹೆಂಡತಿಯ ಕೈಯಲ್ಲಿದ್ದ ಚೀಲ ದೊಡ್ಡದಾಯಿತಲ್ಲ ಎಂದುಕೊಂಡ, ಕೇಳಲಿಲ್ಲ.

ಕಾಲೊನಿಯ ಗೇಟು ದಾಟಿದ್ದೇ ಅವನಿಗೆ ಮೈ ಪರಚಿಕೊಳ್ಳುವಂತಾಯಿತು. ಒಂದೇ ಅಳತೆಯ ಸಣ್ಣ ಮನೆಗಳ ಸಾಲು, ಪ್ರತಿ ಬಾಗಿಲ ಮುಂದೆ ಒಂದು ಕುರ್ಚಿ, ಕುರ್ಚಿಯಲ್ಲೊಬ್ಬರು. ಅಷ್ಟು ಜನ ಇದ್ದೂ ಗದ್ದಲವಿಲ್ಲ. ಅಲ್ಲಿಯ ಮೇಲ್ವಿಚಾರಕಿ ಶೈಲಶ್ರೀ, ಮೂವತ್ತೈದರ ಚುರುಕಿನ ಹೆಣ್ಣುಮಗಳು, ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ, ಮಂಚದ ಬದಿಯ ಕರೆಗಂಟೆ, ಮಂಗಳವಾರ ಡಾಕ್ಟರು ಕೂರುವ ಕೋಣೆ ಎಲ್ಲ ತೋರಿಸಿದಳು. ಸಾವಂತ್ರೆವ್ವ ಕಂಬಿಯನ್ನು ಹಿಡಿದು ಜಗ್ಗಿ ನೋಡಿದಳು.

"ಇಲ್ಲೆ ಕುರಿ ಕಟ್ಟಾಕ ಜಾಗಾ ಐತೇನ್ರಿ?" ಬೀರಲಿಂಗಪ್ಪ ಕೇಳಿದ.

ಶೈಲಶ್ರೀ ನಕ್ಕಳು. "ಇಲ್ರಿ ಅಜ್ಜಾರ. ಬೆಕ್ಕಿಗೂ ಬಿಡಂಗಿಲ್ಲ."

"ಮತ್ತ ದಿನಾ ಏನ್ ಮಾಡ್ತಾರ ಇವರು?"

"ಏನೂ ಮಾಡಂಗಿಲ್ಲ. ಅದಕ್ಕ ಬಂದಿರ್ತಾರ," ಎಂದಳು ಜೊತೆಗಿದ್ದ ಕೆಂಚವ್ವ.

ಹನ್ನೆರಡೂವರೆಗೆ ಊಟ. ಉದ್ದನೆಯ ಹಾಲಿನಲ್ಲಿ ಮೇಜುಗಳು, ಬಡಿಸಲು ಇಬ್ಬರು ಹೆಂಗಸರು. ಅವರಲ್ಲೊಬ್ಬಳು ರೂಬಿನಾ, ಸಾವಂತ್ರೆವ್ವನ ತಟ್ಟೆಗೆ ಹಂಚಿನಿಂದಲೇ ತಂದ ರೊಟ್ಟಿ, ಮುಳಗಾಯಿ ಪಲ್ಯ ಹಾಕಿ, ರೊಟ್ಟಿಯ ಮೇಲೆ ಬೆಣ್ಣೆಯಿಟ್ಟಳು.

"ರೊಟ್ಟಿ ದಪ್ಪ ಬಡದಾರ," ಬೀರಲಿಂಗಪ್ಪ ಹೆಂಡತಿಯ ಕಿವಿಗೆ ಹೇಳಿದ.

"ದಪ್ಪ ಇರ್ಲಿ. ಬಿಸಿ ಅದಾವು."

ಅವಳು ಬೆಣ್ಣೆ ಕರಗುವುದನ್ನು ನೋಡಿದಳು. ಆಮೇಲೆ ಅವಸರವಿಲ್ಲದೆ ಮುರಿದು ತಿಂದಳು. ಎರಡನೆಯದು ಕೇಳಿದಳು, ಮೂರನೆಯದನ್ನೂ. ಬೀರಲಿಂಗಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಇವಳು ಬಿಸಿ ರೊಟ್ಟಿ ತಿಂದದ್ದನ್ನು ತಾನು ಕಂಡದ್ದುಂಟೆ? ನೆನಪು ಮಾಡಿಕೊಂಡ. ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ, ಸೆಟೆದುಕೊಂಡವು ಅವಳ ಪಾಲು. ಅದೂ ಅವನು ಮನೆಯಲ್ಲಿದ್ದಾಗ ಕಂಡಷ್ಟೇ. ಅವನಿಗೆ ಉಣ್ಣಲಾಗಲಿಲ್ಲ. ಕೈ ತೊಳೆದು ಹೊರಗೆ ಬಂದ.

ಕಾಲೊನಿಯೊಳಗೆ ನಿಲ್ಲಲಾರದೆ ಹಿಂದಿನ ಬೇಲಿಯ ದಾರಿ ಹಿಡಿದ. ಅಲ್ಲಿ ಬೀಳು ಹೊಲದಲ್ಲಿ ಮೈಲಾರಿ ಎಂಬವನು ಕುರಿ ಮೇಯಿಸುತ್ತಿದ್ದ. ಒಂದು ಕುರಿ ಕುಂಟುತ್ತಿತ್ತು. ಬೀರಲಿಂಗಪ್ಪ ಅದನ್ನು ಕೆಡವಿ, ಗೊರಸಿನ ಸಂದಿನಲ್ಲಿ ಸಿಕ್ಕಿದ್ದ ಜಾಲಿ ಮುಳ್ಳು ತೆಗೆದ.

"ನೀವು ಈ ಕಾಲೊನ್ಯಾಗ ಇರಾಕ ಬಂದೀರೇನ್ರಿ ಯಜ್ಜಾ?" ಮೈಲಾರಿ ಕೇಳಿದ.

"ನಾ ಅಲ್ಲೋ, ನನ್ನ ಹೆಣ್ತಿ," ಎಂದ ಬೀರಲಿಂಗಪ್ಪ. ಹೇಳಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ಅವನಿಗೇ ದಿಗಿಲಾಯಿತು. ಆ ದೊಡ್ಡ ಚೀಲ ಕಣ್ಣ ಮುಂದೆ ಬಂತು. ಮೊಣಕಾಲು ನೋವು ಲೆಕ್ಕಿಸದೆ ತಿರುಗಿ ಬಂದ.

ಸಾವಂತ್ರೆವ್ವ ಕೆಂಚವ್ವನ ಮನೆಯಲ್ಲಿ ಮಲಗಿದ್ದಳು. ಹಾಡುಹಗಲು, ಬಾಯಿ ತುಸು ತೆರೆದು, ಗಾಢ ನಿದ್ದೆ. ನಾಲ್ಕು ಗಂಟೆಯ ಬಸ್ಸಿಗೆ ಅರ್ಧ ತಾಸಿತ್ತು. ಎಬ್ಬಿಸಲು ಕೈ ಚಾಚಿದ, ಹಿಂದೆಗೆದ. ಅಂಗಳಕ್ಕೆ ಹೋದ, ಗೇಟಿನವರೆಗೆ ನಡೆದ, ಮತ್ತೆ ಬಂದು ಕಿಟಕಿಯಲ್ಲಿ ನೋಡಿದ. ಮೂರನೇ ಸಲ ಬಂದಾಗ ಅವಳೇ ಎದ್ದು ಕೂತಿದ್ದಳು.

"ನಡಿ, ಬಸ್ ಹೊಕ್ಕೈತಿ."

"ನೀವು ಹೋಗ್ರಿ. ನಾ ಒಂದ್ ತಿಂಗಳ ಇಲ್ಲೇ ಇದ್ದು ನೋಡ್ತೇನಿ. ನಮ್ಮಪ್ಪ ಕೊಟ್ಟ ಹೊಲದಿಂದ ವರ್ಷಾ ಬರೋ ಲಾವಣಿ ರೊಕ್ಕ ಇಲ್ಲಿಗೆ ಸಾಕಾಕ್ಕೈತಿ."

"ಹುಚ್ಚುಗಿಚ್ಚು ಹಿಡದೈತೇನಬೇ ನಿನಗ? ಮನ್ಯಾಗ ಮಗಾ, ಸೊಸಿ, ಮೊಮ್ಮಕ್ಕಳು. ಮಂದಿ ಏನಂತಾರ?"

ಸಾವಂತ್ರೆವ್ವ ದನಿ ಏರಿಸಲಿಲ್ಲ. "ನೀವು ಆರಾರು ತಿಂಗಳ ಕುರಿ ಹಿಂದ ಹೋಗ್ತಿದ್ರಿ. ಮಂದಿ ಏನರ ಅಂದ್ರೇನು?"

"ನಾ ದುಡ್ಯಾಕ ಹೋಗ್ತಿದ್ದೆ."

"ಹೌದು. ನಾನೂ ದುಡದೀನಿ. ಈಗ ಕೈ ಏಳವಲ್ದು."

ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದ. ಅವಳು ಜಗಳಕ್ಕೆ ನಿಂತಿರಲಿಲ್ಲ. ನಿದ್ದೆಗಣ್ಣಲ್ಲಿ, ಸೀರೆ ಸರಿಪಡಿಸಿಕೊಳ್ಳುತ್ತ, ತೀರ್ಮಾನವಾದ ಮಾತು ಹೇಳುತ್ತಿದ್ದಳು. ಅವನು ಒಬ್ಬನೇ ಬಸ್ಸು ಹತ್ತಿದ. ಬಾಜು ಸೀಟು ಖಾಲಿಯಿತ್ತು. ಹುಬ್ಬಳ್ಳಿ ಬರುವುದರೊಳಗೆ ಮೂರು ಸಲ ಜಾಗ ಬದಲಿಸಿದ.

ಸುದ್ದಿ ಕೇಳಿ ಭೀಮಶಿ ಕೆಂಡವಾದ. "ಅವ್ವಗ ನಾವೇನ್ ಕಡಿಮಿ ಮಾಡೇವಿ? ನಾಳಿನೇ ಹೋಗಿ ಕರ್ಕೊಂಡ್ ಬರ್ತೇನಿ."

ಸುಧಾರಾಣಿ ಅಲ್ಲಿಯೇ ನಿಂತಿದ್ದಳು. "ನೀವು ಹೋಗಬ್ಯಾಡ್ರಿ. ಅತ್ತಿ ನನಗ ಮೊದಲ ಹೇಳಿದ್ರು. ಚೀಲ ತುಂಬಿದಾಕಿ ನಾನ," ಎಂದಳು. ಮರುದಿನದಿಂದ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರ ಮನೆಯಿಂದ ರೊಟ್ಟಿ ಬರತೊಡಗಿತು. ಭೀಮಶಿ ಮೂರು ವಾರ ಅವ್ವನಿಗೆ ಫೋನ್ ಮಾಡಲಿಲ್ಲ. ನಾಲ್ಕನೆಯ ವಾರ ಮಾಡಿದ, ಭುಜ ಹೇಗಿದೆ ಎಂದು ಕೇಳಿದ.

ಬೀರಲಿಂಗಪ್ಪ ಹದಿನೈದನೆಯ ದಿನವೇ ಹೋದ. ಅವಳು ಕೆಂಚವ್ವನೊಡನೆ ಬಮ್ಮಿಗಟ್ಟಿಗೆ ಬಳೆ ಇಡಿಸಿಕೊಳ್ಳಲು ಹೋಗಿದ್ದಳು. ಬಾಗಿಲ ಮುಂದಿನ ಕುರ್ಚಿಯಲ್ಲಿ ಅವನು ಕಾಯಬೇಕಾಯಿತು. ಇಷ್ಟು ವರ್ಷದಲ್ಲಿ ಅವಳಿಗಾಗಿ ಅವನು ಕಾದದ್ದೇ ಇಲ್ಲ. ಹೊತ್ತು ಸರಿಯದು, ಎದ್ದ, ಕೂತ, ಪಟಕಾ ಬಿಚ್ಚಿ ಮತ್ತೆ ಸುತ್ತಿದ. ಕಡೆಗೆ ಅವಳು ಹಸಿರು ಬಳೆಯ ಕೈ ಬೀಸುತ್ತ ಬಂದಳು. "ಯಾವಾಗ ಬಂದ್ರಿ? ಉಂಡ್ರ್ಯಾ?" ಎಂದಳು, ಮನೆಗೆ ಬಂದ ಬೀಗರನ್ನು ಕೇಳುವಂತೆ.

ತಿಂಗಳು ತುಂಬಿದ ಮೇಲೆ ಸಾವಂತ್ರೆವ್ವ ಮನೆಗೆ ಬಂದು ನಾಲ್ಕು ದಿನವಿದ್ದು, ಉಳಿದ ಸೀರೆಗಳನ್ನೂ ಕಟ್ಟಿಕೊಂಡು ಹೋದಳು. ಹಬ್ಬಕ್ಕೆ ಬರುತ್ತಾಳೆ. ಬೀರಲಿಂಗಪ್ಪ ಈಗ ಎರಡು ಕಡೆಯವನು. ಕಾಲೊನಿಯಲ್ಲಿ ಎರಡು ರಾತ್ರಿ ಇರುತ್ತಾನೆ, ಮೂರನೆಯ ಬೆಳಿಗ್ಗೆ ಮೈಯಲ್ಲಿ ಇರುವೆ ಹರಿದಂತಾಗಿ ಎದ್ದುಬಿಡುತ್ತಾನೆ. ಊರಿಗೆ ಬಂದರೆ ಎರಡೇ ದಿನಕ್ಕೆ ಮನೆ ಬಿಕೋ ಎನ್ನುತ್ತದೆ. ಗಂಡ ಹೆಂಡತಿ ಇಬ್ಬರಿರುವ ಮನೆಗೆ ಅರ್ಜಿ ಬರೆದುಕೊಡಿ ಎಂದು ಶೈಲಶ್ರೀ ಎರಡು ಸಲ ಕೇಳಿದ್ದಾಳೆ.

"ಮುಂದಿನ ಸಲ ನೋಡೂಣ್ರಿ," ಎನ್ನುತ್ತ ಅವನು ಗೇಟಿನ ಕಡೆ ಹೊರಡುತ್ತಾನೆ.