ಡ್ರಮ್ಸ್ ಇಲ್ಲದ ನಡಿಗೆ

ಮಹಡಿಯಿಂದ ಗಿಟಾರ್ ಏರುತ್ತಾ ಬರೋದು; ಡ್ರಮ್ಸ್ ನಾಲ್ಕು ಪೆಟ್ಟು ಬೀಳೋದರೊಳಗೆ ಟಕ್ ಅಂತ ನಿಲ್ಲೋದು. ಮತ್ತೆ ಮೊದಲಿಂದ. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಆ ಬೇಸಿಗೆ ಪೂರ್ತಿ ನಾನು ಕೇಳಿದ್ದು ಅದೊಂದೇ.

ಮೇಲೆ ಬಾಡಿಗೆಗಿದ್ದವಳು ಸಿನಿಮಾ ಮಾಡುತ್ತಿದ್ದಳು. ಅವಳ ಮೊದಲನೆಯದು, ಪೀಣ್ಯದ ಫ್ಯಾಕ್ಟರಿ ಶೆಡ್ಡೊಂದರಲ್ಲಿ ಕೆಲಸ ಕಳೆದುಕೊಂಡ ಹೆಂಗಸಿನ ಕತೆ. ಒಂದು ದಿನ ತಡೆಯಲಾರದೆ ಮೆಟ್ಟಿಲು ಹತ್ತಿ, "ಆ ಇಂಗ್ಲಿಷ್ ಹಾಡನ್ನ ಒಂದ್ಸಲ ಪೂರ್ತಿ ಹಾಕೇ, ಪ್ಲೀಸ್" ಅಂದೆ.

"ಆಂಟಿ, ಇದು ನಿಮಗೆ ಗೊತ್ತಾ?"

"ಗೊತ್ತಾ ಅಂತೀಯಲ್ಲ! ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಸಿಸ್ಟರ್ ಚಾಪೆಲ್‌ಗೆ ಹೋದ ತಕ್ಷಣ ಇದಕ್ಕೇ ಕುಣೀತಿದ್ವಿ ಕಣೇ."

ಎಡಿಟಿಂಗ್ ಮಾಡುವಾಗ ಯಾವುದಾದರೂ ಹಾಡನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ಕೊನೆಗೆ ಅದನ್ನು ತೆಗೆದು ಸ್ವಂತ ಸಂಗೀತ ಹಾಕುವುದು ಸಿನಿಮಾದವರ ರೂಢಿ ಅಂತೆ. ಇವಳು ತೆಗೆಯಲಿಲ್ಲ. ಆ ಹೆಂಗಸು ಕೊನೆಯ ಸಲ ಗೇಟು ದಾಟಿ ನಡೆಯುವ ದೃಶ್ಯದ ಒಂದೊಂದು 'ಕಟ್' ಅನ್ನೂ ಡ್ರಮ್ಸಿನ ಪೆಟ್ಟಿಗೇ ಹೊಂದಿಸಿಬಿಟ್ಟಳು. ಅದನ್ನೇ ಮೆಚ್ಚಿ ವಿತರಕನೊಬ್ಬ ಬಿಡುಗಡೆ ಮಾಡಿಸ್ತೀನಿ ಅಂದ. ಆಮೇಲೆ ಕೇಳಿದ: "ಮೇಡಂ, ಹಾಡಿನ ರೈಟ್ಸ್ ಪೇಪರ್ ಕಳಿಸಿ."

ಪೇಪರೇ ಇರಲಿಲ್ಲ.

ಇಂಗ್ಲಿಷ್ ನನ್ನದು, ಲ್ಯಾಪ್‌ಟಾಪ್ ಅವಳದು. ಹಾಡು ಬರೆದವರ ಕಡೆಯಿಂದ ಒಂದು ಅನುಮತಿ, ರೆಕಾರ್ಡ್ ಮಾಡಿದ ಕಂಪನಿಯಿಂದ ಇನ್ನೊಂದು ಬೇಕಿತ್ತು. ಸ್ಕೂಲ್ ಕಾಂಪೊಸಿಷನ್ ಥರ 'ಮೋಸ್ಟ್ ರೆಸ್ಪೆಕ್ಟ್‌ಫುಲಿ' ಅಂತ ಬೇಡಿಕೊಂಡೆ. ಅವಳು ಬೆಳಗ್ಗೆ ಎದ್ದವಳೇ ಮೆಟ್ಟಿಲ ಮೇಲೆ ಕೂತು ಮೇಲ್ ನೋಡೋಳು. ನಾನಿಟ್ಟ ಕಾಫಿ ಆರಿಹೋಗೋದು. ಬರೆದವರ ಕಡೆಯವರು ಉತ್ತರವನ್ನೇ ಕೊಡಲಿಲ್ಲ. ಕಂಪನಿಯವರು ಎಷ್ಟು ಸೆಕೆಂಡು, ಯಾವ ಯಾವ ದೇಶ, ಸೀನಿನಲ್ಲಿ ಯಾರಾದರೂ ಸಾಯ್ತಾರಾ ಅಂತೆಲ್ಲ ವಿಚಾರಿಸಿ ಕೊನೆಗೆ ರೇಟು ಹೇಳಿದರು. ಇಡೀ ಸಿನಿಮಾದ ಖರ್ಚಿಗಿಂತ ಹೆಚ್ಚು.

"ಒಂದು ಸೊನ್ನೆ ಜಾಸ್ತಿ ಬಿದ್ದಿರ್ಬೇಕು. ಕೇಳಿ ಆಂಟಿ."

ಕೇಳಿದೆ. ಬಿದ್ದಿರಲಿಲ್ಲ.

ಪರಿಚಯದ ಗಿಟಾರಿಸ್ಟ್ ಒಬ್ಬ ಅದರ ಹಾಗೇ ಕೇಳಿಸುವ ಟ್ಯೂನ್ ಮಾಡಿಕೊಟ್ಟ. ವಿತರಕ ಫೋನಿನಲ್ಲೇ ನಕ್ಕ: "ಇಷ್ಟು ಹತ್ರ ಬಂದ್ರೆ ಕೇಸ್ ಬೀಳುತ್ತೆ ಮೇಡಂ. ದೂರ ಹೋದ್ರೆ ಸೀನ್ ಸತ್ತೋಗುತ್ತೆ. ನೀವೇ ಹೇಳಿ, ಯಾವುದನ್ನ ತಗೊಳ್ಲಿ?"

ಅವತ್ತು ಅವಳು ಸೌಂಡ್ ಆಫ್ ಮಾಡಿ ಆ ದೃಶ್ಯ ತೋರಿಸಿದಳು. ಹೆಂಗಸು ನಡೆಯುತ್ತಾಳೆ, ಯಾಕೋ ಒಂದೊಂದು ಹೆಜ್ಜೆಯೂ ಅರ್ಧಕ್ಕೇ ಮುಗಿಯುತ್ತೆ.

"ಕುಂಟ್ತಿದ್ದಾಳೆ ಅನ್ಸುತ್ತೆ ಅಲ್ವಾ?"

ನಾನು ಕೇಳಿದೆ: "ಮತ್ತೆ ಶೂಟ್ ಮಾಡೋಕಾಗಲ್ವೇನೇ?"

"ಆ ಶೆಡ್ ಒಡೆದು ಗೋಡೌನ್ ಕಟ್ತಿದ್ದಾರೆ. ಇರೋ ಫೂಟೇಜನ್ನೇ ಎಲ್ಲಾ ಥರ ಕಟ್ ಮಾಡಿ ನೋಡ್ದೆ ಆಂಟಿ. ಆ ಹಾಡಿಲ್ದೆ ನಂಗೇ ಏನೂ ಕಾಣಿಸ್ತಿಲ್ಲ."

ವಿತರಕ ಕೈಬಿಟ್ಟ. ಮಳೆಗಾಲಕ್ಕೆ ಮುಂಚೆ ಅವಳು ಮನೆ ಖಾಲಿ ಮಾಡಿದಳು. ನನಗೆ ತಿಳಿದ ಮಟ್ಟಿಗೆ ಆ ಸಿನಿಮಾ ಎಲ್ಲೂ ಬರಲಿಲ್ಲ.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ಟಿ. ದಾಸರಹಳ್ಳಿಯ ಮದುವೆ ಛತ್ರದಲ್ಲಿ. ಹೆಗಲ ಮೇಲೆ ವಿಡಿಯೋ ಕ್ಯಾಮೆರಾ. ಸ್ಪೀಕರಿನಲ್ಲಿ ಯಾವುದೋ ಹೊಸ ಸಿನಿಮಾ ಹಾಡು ಹಾಕಲು ಹೊರಟಿದ್ದರು. ಅಲ್ಲಿ ಯಾರೂ ಪೇಪರ್ ಕೇಳುವುದಿಲ್ಲ. ಮದುಮಗಳು ಆಗಲೇ ಬಾಗಿಲಿಂದ ಮಂಟಪದ ಕಡೆ ಹೊರಟುಬಿಟ್ಟಿದ್ದಳು. "ಮೇಡಂ, ವಾಪಸ್ ಹೋಗಿ! ಹಾಡು ಬರ್ಲಿ, ಆಮೇಲೆ ನಡೀರಿ" ಅಂತ ಇವಳು ಕೂಗಿದಳು. ಕೂಗಿ ತಿರುಗಿದಾಗ ನಾನು ಕಣ್ಣಿಗೆ ಬಿದ್ದೆ. ಒಂದ್ನಿಮಿಷ ಅನ್ನೋ ಹಾಗೆ ಬೆರಳೆತ್ತಿದಳು. ಅಷ್ಟರಲ್ಲಿ ಪಂಕ್ತಿಗೆ ಕರೆದರು. ಊಟ ಮುಗಿಸಿ ಬಂದಾಗ ವಿಡಿಯೋದವರ ಗಾಡಿ ಹೊರಟುಹೋಗಿತ್ತು.